ಜ್ವರ ಬಿಟ್ಟರೂ ಬಿಡದ ಕೆಮ್ಮು: ವರ್ತಕರು ಹಾಕಬೇಕಾದ ಲೆಕ್ಕ

ಮಳೆಗಾಲ ಮುಗಿದು ಚಳಿ ಕಾಲಿಡುವ ಸಂಧಿಕಾಲದಲ್ಲಿ ಪೇಟೆಯ ಯಾವ ಅಂಗಡಿಯನ್ನು ಪ್ರವೇಶಿಸಿದರೂ ಕೆಮ್ಮಿನ ಸದ್ದು ಕಿವಿಗೆ ಬೀಳುತ್ತದೆ. ಗಲ್ಲಾದ ಮೇಲೆ ಕುಳಿತ ಮಾಲೀಕರು ದರ ಹೇಳುವ ನಡುವೆ ಎರಡು ಬಾರಿ ಕೆಮ್ಮುತ್ತಾರೆ. ಗೋದಾಮಿನಲ್ಲಿ ಹಮಾಲರು ನಾಲ್ಕು ಚೀಲ ಇಳಿಸಿ ಗೋಡೆಗೆ ಒರಗಿ ಏದುಸಿರು ಬಿಡುತ್ತಾರೆ. ವಿಚಾರಿಸಿದರೆ ದೊರೆಯುವ ಉತ್ತರ ಒಂದೇ: "ಜ್ವರ ಬಿಟ್ಟು ಮೂರು ವಾರವಾಯಿತು, ಕೆಮ್ಮು ಮಾತ್ರ ಉಳಿದಿದೆ."

ಈ "ಮಾತ್ರ" ಎಂಬ ಪದದಲ್ಲಿಯೇ ತೊಂದರೆ ಅಡಗಿದೆ. ವರ್ತಕ ಸಮುದಾಯವು ಜ್ವರವನ್ನು ಕಾಯಿಲೆಯೆಂದು ಒಪ್ಪಿಕೊಳ್ಳುತ್ತದೆ. ಜ್ವರದ ನಂತರ ಉಳಿಯುವ ಕೆಮ್ಮನ್ನೂ ಉಸಿರಾಟದ ತೊಂದರೆಯನ್ನೂ ಕಾಯಿಲೆಯ ಮುಂದುವರಿಕೆಯೆಂದು ಒಪ್ಪುವುದಿಲ್ಲ. ಜ್ವರ ಇಳಿದ ದಿನವೇ ಖಾತೆ ಮುಕ್ತಾಯವಾಯಿತೆಂದು ಭಾವಿಸಿ ಮರುದಿನ ಮುಂಜಾನೆ ಅಂಗಡಿಯ ಬಾಗಿಲು ತೆರೆಯಲಾಗುತ್ತದೆ. ಆದರೆ ದೇಹದ ಖಾತೆಯಲ್ಲಿ ಬಾಕಿ ಇನ್ನೂ ಉಳಿದಿರುತ್ತದೆ. ಆ ಬಾಕಿಯನ್ನು ತೀರಿಸಲು ಬೇಕಾದುದು ಮೂರು: ಸಾಕಷ್ಟು ಕಾಲ, ಶುದ್ಧವಾದ ಗಾಳಿ ಮತ್ತು ಸಕಾಲದಲ್ಲಿ ಪರೀಕ್ಷೆ. ಈ ಮೂರೂ ವೈದ್ಯರ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ಅಂಗಡಿ ಹಾಗೂ ಕಾರ್ಖಾನೆಯ ಮಾಲೀಕರ ಕೈಯಲ್ಲಿವೆ ಎಂಬುದನ್ನು ಗಮನಿಸಬೇಕಾಗಿದೆ.

ಕೆಮ್ಮು ಏಕೆ ಉಳಿಯುತ್ತದೆ?

ಫ್ಲೂ, ಕೋವಿಡ್ ಮುಂತಾದ ವೈರಾಣುಗಳು ಶ್ವಾಸನಾಳದ ಒಳಪದರವನ್ನು ಗಾಸಿಗೊಳಿಸುತ್ತವೆ. ವೈರಾಣು ದೇಹದಿಂದ ತೊಲಗಿದ ಬಳಿಕವೂ ಆ ಪದರವು ಮೊದಲಿನಂತಾಗಲು ವಾರಗಳು ಬೇಕಾಗುತ್ತವೆ. ಅಷ್ಟರವರೆಗೆ ಅಲ್ಲಿನ ನರತುದಿಗಳು ಅತಿಸೂಕ್ಷ್ಮವಾಗಿರುತ್ತವೆ. ಆರೋಗ್ಯವಂತರಿಗೆ ಅರಿವಿಗೇ ಬಾರದ ತಣ್ಣನೆಯ ಗಾಳಿ, ಊದಿನಕಡ್ಡಿಯ ಹೊಗೆ, ಒಗ್ಗರಣೆಯ ಘಾಟು, ಗೋಣಿಚೀಲದ ಧೂಳು, ಕೊನೆಗೆ ಒಂದು ಜೋರಾದ ನಗು ಕೂಡ ಕೆಮ್ಮನ್ನು ಎಬ್ಬಿಸುತ್ತದೆ. ವೈದ್ಯಶಾಸ್ತ್ರವು ಮೂರು ವಾರದೊಳಗಿನ ಕೆಮ್ಮನ್ನು ಅಲ್ಪಾವಧಿಯದೆಂದೂ, ಮೂರರಿಂದ ಎಂಟು ವಾರದವರೆಗಿನದನ್ನು ಮಧ್ಯಮಾವಧಿಯದೆಂದೂ, ಎಂಟು ವಾರ ಮೀರಿದುದನ್ನು ದೀರ್ಘಾವಧಿಯದೆಂದೂ ವಿಂಗಡಿಸುತ್ತದೆ. ವೈರಾಣು ಸೋಂಕಿನ ನಂತರದ ಕೆಮ್ಮು ಬಹುತೇಕ ಮಂದಿಯಲ್ಲಿ ಎಂಟು ವಾರದೊಳಗೆ ತಾನಾಗಿ ಶಮನವಾಗುತ್ತದೆ.

2023ರ ಆರಂಭದಲ್ಲಿ ಎಚ್3ಎನ್2 ಫ್ಲೂ ದೇಶದಾದ್ಯಂತ ಹರಡಿತ್ತು. ಆ ವರ್ಷದ ಮಾರ್ಚ್ 1ರಂದು ಹಾಸನ ಜಿಲ್ಲೆಯಲ್ಲಿ ಸಂಭವಿಸಿದ ಸಾವು ಕರ್ನಾಟಕದಲ್ಲಿ ಅದರಿಂದಾದ ಮೊದಲ ಸಾವೆಂದು ವರದಿಯಾಯಿತು. ಜ್ವರ ಸುಮಾರು ಮೂರು ದಿನಗಳಲ್ಲಿ ಇಳಿದರೂ ಕೆಮ್ಮು ಮೂರು ವಾರಗಳವರೆಗೆ ಉಳಿಯಬಹುದೆಂದು ಭಾರತೀಯ ವೈದ್ಯಕೀಯ ಸಂಘವು ಅದೇ ತಿಂಗಳು ತಿಳಿಸಿತ್ತು. ಕೋವಿಡ್ ವಿಷಯದಲ್ಲಿ ಅವಧಿ ಇನ್ನೂ ದೀರ್ಘ. ಸೋಂಕು ತಗುಲಿದ ಮೂರು ತಿಂಗಳ ಸುಮಾರಿಗೆ ಕಾಣಿಸಿಕೊಂಡು, ಕನಿಷ್ಠ ಎರಡು ತಿಂಗಳು ಮುಂದುವರಿಯುವ, ಬೇರೆ ಕಾರಣದಿಂದ ವಿವರಿಸಲಾಗದ ಆಯಾಸ, ಉಸಿರಾಟದ ತೊಂದರೆ ಮೊದಲಾದುವನ್ನು ವಿಶ್ವ ಆರೋಗ್ಯ ಸಂಸ್ಥೆಯು 2021ರ ಅಕ್ಟೋಬರಿನಲ್ಲಿ ಪ್ರತ್ಯೇಕ ಸ್ಥಿತಿಯೆಂದು ನಿರೂಪಿಸಿತು. ಆದುದರಿಂದ ಜ್ವರ ಬಿಟ್ಟು ಹದಿನೈದು ದಿನವಾದರೂ ದಮ್ಮು ಕಟ್ಟುತ್ತದೆ ಎನ್ನುವ ಕೆಲಸಗಾರನನ್ನು ಸೋಮಾರಿಯೆಂದು ಜರೆಯುವುದು ನ್ಯಾಯವೂ ಅಲ್ಲ, ತಿಳಿವಳಿಕೆಯೂ ಅಲ್ಲ.

ಪರೀಕ್ಷೆಗೂ ಗಡುವಿದೆ

ತಾನಾಗಿ ಶಮನವಾಗುತ್ತದೆ ಎಂಬ ಮಾತನ್ನು ಅರ್ಧ ಕೇಳಿಸಿಕೊಂಡು ಸುಮ್ಮನಿರುವುದೂ ಅಪಾಯಕರ. ನಮ್ಮ ದೇಶದಲ್ಲಿ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಕೆಮ್ಮಿದ್ದರೆ ಕ್ಷಯರೋಗದ ಪರೀಕ್ಷೆ ಮಾಡಿಸಬೇಕೆಂಬುದು ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದ ಸೂಚನೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫದ ಪರೀಕ್ಷೆ ಉಚಿತ. ಇದಕ್ಕೆ ಬಳಕೆಯಾಗುವ ಟ್ರೂನ್ಯಾಟ್ ಎಂಬ ಯಂತ್ರದ ಸಂಶೋಧನೆಯಲ್ಲಿ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದ ಪಾತ್ರವಿದೆ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಪರೀಕ್ಷೆಗೆ ಒಳಗಾದ ಹೆಚ್ಚಿನವರಲ್ಲಿ ಕ್ಷಯ ಇಲ್ಲವೆಂದೇ ವರದಿ ಬರುತ್ತದೆ, ಬರಲಿ. ಇದೆಯೆಂದು ವರದಿ ಬಂದ ಒಬ್ಬರಿಗಾಗಿಯೇ ಈ ನಿಯಮವಿದೆ. ಒಂದೇ ಗೋದಾಮಿನಲ್ಲಿ, ಒಂದೇ ಕೊಠಡಿಯಲ್ಲಿ ಹತ್ತು ಜನ ದುಡಿಯುವ ಕಡೆ ಆ ಒಬ್ಬರನ್ನು ಬೇಗ ಗುರುತಿಸುವುದರಿಂದ ಉಳಿದ ಒಂಬತ್ತು ಮಂದಿಗೆ ರಕ್ಷಣೆ ದೊರೆಯುತ್ತದೆ. ಔಷಧ ಕೆಲಸ ಮಾಡುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. 2018ರಲ್ಲಿ ಆರಂಭವಾದ ಮಾಸಿಕ 500 ರೂಪಾಯಿ ಪೌಷ್ಟಿಕಾಂಶದ ನೆರವನ್ನು 2024ರ ನವೆಂಬರಿನಿಂದ 1,000 ರೂಪಾಯಿಗೆ ಏರಿಸಲಾಗಿದೆ.

ಕೆಲವು ಲಕ್ಷಣಗಳು ಎರಡು ವಾರದ ಗಡುವಿಗೂ ಕಾಯಲು ಬಿಡುವುದಿಲ್ಲ. ಕಫದಲ್ಲಿ ರಕ್ತ, ಎದೆನೋವು, ಸಂಜೆಯಾಗುತ್ತಲೇ ಏರುವ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲುಗಳ ಊತ, ಕುಳಿತಲ್ಲಿಯೇ ದಮ್ಮು ಕಟ್ಟುವುದು, ತುಟಿ ನೀಲಿಗಟ್ಟುವುದು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ವೈದ್ಯರ ಬಳಿಗೆ ಧಾವಿಸಬೇಕು. ಈ ಯಾವ ಲಕ್ಷಣವೂ ಇಲ್ಲದೆ ಎಂಟು ವಾರ ಮೀರಿದ ಕೆಮ್ಮಿಗೂ ಮೂಲಕಾರಣವನ್ನು ಶೋಧಿಸಲೇಬೇಕು. ಅಡಗಿದ್ದ ಆಸ್ತಮಾ ವೈರಾಣುವಿನ ನೆಪದಲ್ಲಿ ಹೊರಬಿದ್ದಿರಬಹುದು. ಮೂಗಿನ ಸ್ರಾವ ಗಂಟಲಿಗೆ ಇಳಿಯುತ್ತಿರಬಹುದು. ಹೊಟ್ಟೆಯ ಆಮ್ಲ ಮೇಲೇರುತ್ತಿರಬಹುದು. ಐವತ್ತು ದಾಟಿದ ವರ್ತಕರಲ್ಲಿ ಅನೇಕರು ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುತ್ತಾರೆ. ಅವುಗಳಲ್ಲಿ ರಾಮಿಪ್ರಿಲ್, ಎನಾಲಾಪ್ರಿಲ್ ಮುಂತಾದುವು ಕೆಲವರಿಗೆ ಒಣಕೆಮ್ಮನ್ನು ಉಂಟುಮಾಡುತ್ತವೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿದರೆ ಅವರು ಬೇರೊಂದನ್ನು ಸೂಚಿಸುತ್ತಾರೆ.

ಅಡ್ಡದಾರಿಯ ಔಷಧ

ಅಂಗಡಿ ಬಿಟ್ಟು ವೈದ್ಯರ ಬಳಿ ಕಾಯಲು ಸಮಯವಿಲ್ಲವೆಂಬ ಕಾರಣದಿಂದ ಪಕ್ಕದ ಔಷಧದಂಗಡಿಯಲ್ಲಿ ಲಕ್ಷಣ ಹೇಳಿ ಮಾತ್ರೆ ತರಿಸಿಕೊಳ್ಳುವ ರೂಢಿ ಪೇಟೆಯಲ್ಲಿ ಬೇರೂರಿದೆ. ಮೊದಲ ವಾರ ಆಂಟಿಬಯೋಟಿಕ್, ಎರಡನೆಯ ವಾರ ಅದಕ್ಕಿಂತ ಬಲವಾದ ಆಂಟಿಬಯೋಟಿಕ್, ಮೂರನೆಯ ವಾರ ಸ್ಟೀರಾಯ್ಡ್ ಎಂಬ ಕ್ರಮದಲ್ಲಿ ಇದು ಸಾಗುತ್ತದೆ. ಆಂಟಿಬಯೋಟಿಕ್ ವೈರಾಣುವಿನ ಮೇಲೆ ಕೆಲಸ ಮಾಡುವುದಿಲ್ಲ. 2023ರ ಅದೇ ಸೂಚನೆಯಲ್ಲಿ ವೈದ್ಯಕೀಯ ಸಂಘವು ಅಜಿತ್ರೋಮೈಸಿನ್, ಅಮಾಕ್ಸಿಕ್ಲಾವ್‌ಗಳ ಮನಬಂದ ಬಳಕೆಯನ್ನು ಹೆಸರಿಸಿಯೇ ಆಕ್ಷೇಪಿಸಿತ್ತು. ಸ್ಟೀರಾಯ್ಡ್ ಮಾತ್ರೆಗಳು ಮಧುಮೇಹಿಗಳ ಸಕ್ಕರೆಯ ಪ್ರಮಾಣವನ್ನು ಏಕಾಏಕಿ ಏರಿಸುತ್ತವೆ. ಕೆಮ್ಮಿನ ಸಿರಪ್ ನಿರುಪದ್ರವಿಯೆಂಬ ನಂಬಿಕೆಯನ್ನು 2025ರಲ್ಲಿ ಮಧ್ಯಪ್ರದೇಶದ ಛಿಂದವಾಡದ ದುರಂತವು ಅಲುಗಾಡಿಸಿತು. ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದ ಸಿರಪ್ ಸೇವಿಸಿ ಅಲ್ಲಿ ಅನೇಕ ಮಕ್ಕಳು ಪ್ರಾಣ ತೆತ್ತರು. ಸರಕನ್ನು ಕೊಳ್ಳುವಾಗ ಕಾಳನ್ನು ಅಂಗೈಯಲ್ಲಿ ಹಿಡಿದು ಪರೀಕ್ಷಿಸುವ ವರ್ತಕರು ಮನೆಮಂದಿಯ ಔಷಧದ ವಿಷಯದಲ್ಲಿ ಅಷ್ಟು ಉದಾಸೀನರಾಗಿರುವುದು ಸಲ್ಲದು.

ಇನ್ನೊಂದು ವಿಪರ್ಯಾಸವೂ ಇದೆ. ಬಿಲ್ಲಿಲ್ಲದೆ ತಂದ ಮಾತ್ರೆಯನ್ನು ನಿಸ್ಸಂಕೋಚವಾಗಿ ನುಂಗುವವರು ವೈದ್ಯರು ಬರೆದುಕೊಟ್ಟ ಇನ್ಹೇಲರನ್ನು ಕೈಯಲ್ಲಿ ಹಿಡಿಯಲು ನಾಚುತ್ತಾರೆ. ಒಮ್ಮೆ ಹಿಡಿದರೆ ಜೀವನಪೂರ್ತಿ ಬಿಡಲಾಗದೆಂಬ ಭಾವನೆ ತಪ್ಪು. ಸ್ಪೈರೋಮೆಟ್ರಿ ಎಂಬ ಸರಳ ಊದು ಪರೀಕ್ಷೆಯ ನಂತರ ಅಗತ್ಯವಿದ್ದವರಿಗೆ ಕೆಲವು ವಾರಗಳ ಮಟ್ಟಿಗೆ ಮಾತ್ರ ಇನ್ಹೇಲರ್ ಸೂಚಿಸುವುದುಂಟು. ಔಷಧವು ನೇರವಾಗಿ ಶ್ವಾಸನಾಳಕ್ಕೆ ತಲುಪುವುದರಿಂದ ಪ್ರಮಾಣವೂ ಕಡಿಮೆ, ಅಡ್ಡಪರಿಣಾಮವೂ ಕಡಿಮೆ.

ಉಸಿರಿನ ಆಯವ್ಯಯ

ಚೇತರಿಕೆಯ ದಿನಗಳಲ್ಲಿ ಮನೆಯಲ್ಲಿ ಮತ್ತು ಅಂಗಡಿಯಲ್ಲಿ ಪಾಲಿಸಬೇಕಾದ ಕ್ರಮಗಳಿಗೆ ಹಣ ಬೇಕಾಗಿಲ್ಲ, ಶಿಸ್ತು ಬೇಕು. ಕೆಮ್ಮು ಬಂದೊಡನೆ ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಯುವುದು, ಉಪ್ಪುನೀರಿನಿಂದ ಗಂಟಲು ಮುಕ್ಕಳಿಸುವುದು, ಮಲಗುವ ಮುನ್ನ ಒಂದು ಚಮಚ ಜೇನು ಸೇವಿಸುವುದು ಹಿತಕರ; ಮಧುಮೇಹಿಗಳು ಜೇನಿನಲ್ಲಿ ಮಿತಿ ಕಾಯಬೇಕು, ಒಂದು ವರ್ಷದೊಳಗಿನ ಶಿಶುಗಳಿಗೆ ಕೊಡಬಾರದು. ತಲೆದಿಂಬನ್ನು ಎತ್ತರಿಸಿ ಮಲಗಿದರೆ ರಾತ್ರಿಯ ಕೆಮ್ಮು ತಗ್ಗುತ್ತದೆ. ಬೀಡಿ ಸಿಗರೇಟುಗಳನ್ನು ಈ ಅವಧಿಯಲ್ಲಾದರೂ ಬಿಡಬೇಕು. ಬಿಟ್ಟವರು ಮತ್ತೆ ಹಿಡಿಯದಿದ್ದರೆ ಅದೇ ದೊಡ್ಡ ಲಾಭ.

ದಮ್ಮು ಕಟ್ಟಿದಾಗ ಗಾಬರಿಯಾದರೆ ಉಸಿರು ಮತ್ತಷ್ಟು ಚಿಕ್ಕದಾಗುತ್ತದೆ. ಕುರ್ಚಿಯಲ್ಲಿ ಕುಳಿತು, ಸ್ವಲ್ಪ ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿ ಭುಜಗಳನ್ನು ಸಡಿಲಿಸಬೇಕು. ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಹಣತೆಯ ಕುಡಿ ಆರದೆ ಅಲುಗುವಷ್ಟು ಮೃದುವಾಗಿ, ತುಟಿಗಳನ್ನು ಕಿರಿದುಗೊಳಿಸಿ, ಎಳೆದುದಕ್ಕಿಂತ ಸುಮಾರು ಎರಡರಷ್ಟು ಹೊತ್ತು ಹೊರಬಿಡಬೇಕು. ನಾಲ್ಕೈದು ಬಾರಿ ಹೀಗೆ ಮಾಡಿದರೆ ಉಸಿರು ಹತೋಟಿಗೆ ಬರುತ್ತದೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ವ್ಯಾಪಾರದಲ್ಲಿ ಎಲ್ಲರೂ ಬಲ್ಲರು. ಚೇತರಿಕೆಗೂ ಅದೇ ಸೂತ್ರ. ಚೈತನ್ಯವಿದೆಯೆಂದು ಒಂದು ದಿನ ಹತ್ತು ಗಂಟೆ ದುಡಿದು ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದಕ್ಕಿಂತ ದಿನವೂ ನಾಲ್ಕು ಗಂಟೆ ದುಡಿಯುವುದು ಲಾಭದಾಯಕ. ಎಷ್ಟು ಹೊತ್ತು ದುಡಿದಾಗ ಮರುದಿನ ಹೇಗಿತ್ತೆಂಬುದನ್ನು ರೋಜುವಹಿಯಂತೆ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಎರಡೇ ವಾರದಲ್ಲಿ ತನ್ನ ಶಕ್ತಿಯ ಮಿತಿ ಸ್ಪಷ್ಟವಾಗುತ್ತದೆ. ವೈದ್ಯರಿಗೂ ಅದರಿಂದ ನೆರವಾಗುತ್ತದೆ.

ಕೆಲಸದ ಸ್ಥಳದ ಗಾಳಿ

ಕರ್ನಾಟಕದ ಬಹುತೇಕ ಉದ್ಯಮ ಕೇಂದ್ರಗಳಿಗೆ ತಮ್ಮದೇ ಆದ ಧೂಳು ಅಥವಾ ಹೊಗೆ ಇದೆ. ಬ್ಯಾಡಗಿಯ ಪ್ರಾಂಗಣದಲ್ಲಿ ಮೆಣಸಿನಕಾಯಿಯ ಘಾಟು, ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆ, ಬೆಳಗಾವಿ ಮತ್ತು ಶಿವಮೊಗ್ಗದ ಎರಕದ ಕಾರ್ಖಾನೆಗಳ ಮರಳಿನ ಪುಡಿ, ಗಂಗಾವತಿಯ ಅಕ್ಕಿ ಗಿರಣಿಗಳ ತೌಡು, ಹತ್ತಿ ಜಿನ್ನಿಂಗ್ ಘಟಕಗಳ ನವಿರು ಎಳೆಗಳು, ಇವೆಲ್ಲ ಆರೋಗ್ಯವಂತ ಶ್ವಾಸಕೋಶಕ್ಕೇ ಭಾರ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಕಾಯಿಲೆಯನ್ನು 1923ರ ಕಾರ್ಮಿಕ ಪರಿಹಾರ ಕಾಯಿದೆಯ ಅನುಸೂಚಿಯೇ ಔದ್ಯೋಗಿಕ ರೋಗವೆಂದು ಪರಿಗಣಿಸಿತ್ತು. ಹೀಗಿರುವಾಗ ವೈರಾಣುವಿನಿಂದ ಗಾಸಿಗೊಂಡ ಶ್ವಾಸನಾಳದೊಡನೆ ಅಲ್ಲಿಗೆ ಹಿಂದಿರುಗುವುದೆಂದರೆ ಮಾಯುತ್ತಿರುವ ಗಾಯವನ್ನು ದಿನವೂ ಕೆರೆದಂತೆ.

ಧೂಳು ಹುಟ್ಟುವ ಸ್ಥಳದಲ್ಲಿಯೇ ಅದನ್ನು ಹೀರಿ ಹೊರಹಾಕಬೇಕೆಂಬ ನಿಯಮ 1948ರ ಕಾರ್ಖಾನೆಗಳ ಕಾಯಿದೆಯ ಕಾಲದಿಂದಲೂ ಇದೆ. ಹೀರು ಯಂತ್ರ ಅಳವಡಿಸುವ ಶಕ್ತಿಯಿಲ್ಲದ ಸಣ್ಣ ಘಟಕಗಳೂ ಕೆಲವನ್ನು ಮಾಡಬಹುದು. ಒಣನೆಲ ಗುಡಿಸುವ ಬದಲು ನೀರು ಚಿಮುಕಿಸಿ ಗುಡಿಸುವುದು, ಎದುರುಬದುರಾದ ಎರಡು ಕಿಟಕಿಗಳನ್ನು ತೆರೆದಿಡುವುದು, ಭುಜದ ಟವೆಲಿನ ಬದಲು ಎನ್95 ಮುಖಗವಸು ನೀಡುವುದು, ಚೇತರಿಸಿಕೊಳ್ಳುತ್ತಿರುವವರನ್ನು ಒಂದು ತಿಂಗಳ ಮಟ್ಟಿಗೆ ಬಿಲ್ ಬರೆಯುವ, ಲೆಕ್ಕ ಇಡುವ, ಪ್ಯಾಕಿಂಗ್ ಪರಿಶೀಲಿಸುವ ಕೆಲಸಕ್ಕೆ ಹಚ್ಚುವುದು ಯಾವ ಮಾಲೀಕರಿಗೂ ಅಸಾಧ್ಯವಲ್ಲ.

ರಜೆಯ ಲೆಕ್ಕ

"ಎಲ್ಲವೂ ಸರಿ, ಹತ್ತು ಜನರಲ್ಲಿ ಇಬ್ಬರು ಮನೆಯಲ್ಲಿ ಕುಳಿತರೆ ಆರ್ಡರ್ ಪೂರೈಸುವುದು ಹೇಗೆ?" ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇದು ಅಲ್ಲಗಳೆಯುವ ಪ್ರಶ್ನೆಯಲ್ಲ. ಆದರೆ ಇದಕ್ಕೆ ಉತ್ತರಿಸುವ ಮುನ್ನ ಈಗಾಗಲೇ ಕಟ್ಟಿರುವ ಹಣವನ್ನು ಬಳಸಿಕೊಳ್ಳುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಹತ್ತು ಅಥವಾ ಹೆಚ್ಚು ನೌಕರರಿರುವ ಘಟಕಗಳು ನೌಕರರ ರಾಜ್ಯ ವಿಮಾ ಯೋಜನೆಗೆ ತಿಂಗಳು ತಿಂಗಳು ವಂತಿಗೆ ಪಾವತಿಸುತ್ತವೆ. 2019ರ ಜುಲೈ 1ರಿಂದ ಮಾಲೀಕರ ಪಾಲನ್ನು ಶೇ. 4.75ರಿಂದ 3.25ಕ್ಕೂ, ನೌಕರರ ಪಾಲನ್ನು ಶೇ. 1.75ರಿಂದ 0.75ಕ್ಕೂ ಇಳಿಸಲಾಯಿತು. ತಿಂಗಳಿಗೆ 15,000 ರೂಪಾಯಿ ವೇತನದ ನೌಕರರಿಗಾಗಿ ಮಾಲೀಕರು ಶೇ. 3.25ರ ದರದಲ್ಲಿ ಕಟ್ಟುವುದು 487.50 ರೂಪಾಯಿ. ನಿಗದಿತ ದಿನಗಳ ವಂತಿಗೆ ಸಂದಿದ್ದು, ವೈದ್ಯರ ಪ್ರಮಾಣಪತ್ರವಿದ್ದರೆ, ವರ್ಷಕ್ಕೆ 91 ದಿನಗಳವರೆಗೆ ಸರಾಸರಿ ವೇತನದ ಶೇ. 70ರಷ್ಟು ಅಸ್ವಸ್ಥತಾ ಸೌಲಭ್ಯ ದೊರೆಯುತ್ತದೆ. ದಿನದ ಸರಾಸರಿ ವೇತನ 500 ರೂಪಾಯಿ ಇದ್ದವರು ಎರಡು ವಾರ ವಿಶ್ರಾಂತಿ ಪಡೆದರೆ, ಮೊದಲ ಎರಡು ಕಾಯುವ ದಿನಗಳನ್ನು ಕಳೆದು, 12 ದಿನಗಳಿಗೆ 350 ರೂಪಾಯಿಯಂತೆ 4,200 ರೂಪಾಯಿ ಅವರ ಖಾತೆಗೆ ಸೇರುತ್ತದೆ. ಮಾಲೀಕರ ಜೇಬಿನಿಂದ ಹೊಸದಾಗಿ ಒಂದು ಪೈಸೆಯೂ ಹೋಗುವುದಿಲ್ಲ. ಕ್ಷಯದಂತಹ ದೀರ್ಘ ಕಾಯಿಲೆಗಳಿಗೆ ಅರ್ಹರಿಗೆ ಶೇ. 80ರ ದರದಲ್ಲಿ ಹೆಚ್ಚಿನ ಅವಧಿಯ ಸೌಲಭ್ಯವೂ ಇದೆ.

ವಂತಿಗೆಯನ್ನು ತಪ್ಪದೆ ಕಟ್ಟುವ ಎಷ್ಟೋ ಸಂಸ್ಥೆಗಳಲ್ಲಿ ಈ ಸೌಲಭ್ಯವನ್ನು ನೌಕರರಿಗೆ ತಿಳಿಸುವವರೇ ಇಲ್ಲ. ಕೂಲಿ ತಪ್ಪುತ್ತದೆಂಬ ಭಯದಿಂದ ನೌಕರರು ಕೆಮ್ಮನ್ನು ಮರೆಮಾಚುತ್ತಾರೆ. ಮಾಲೀಕರು ಕೇಳಿಸಿಯೂ ಕೇಳಿಸದಂತಿರುತ್ತಾರೆ. ಕಾಯಿಲೆಯ ಸೌಲಭ್ಯ ಪಡೆಯುತ್ತಿರುವ ನೌಕರರನ್ನು ವಜಾ ಮಾಡಬಾರದೆಂದು 1948ರ ಮೂಲ ಕಾಯಿದೆ ವಿಧಿಸಿದ್ದುದು ಈ ಭಯವನ್ನು ಅರಿತೇ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿರುವುದರಿಂದ ಪ್ರತಿಯೊಂದು ಘಟಕವೂ ತನ್ನ ನೋಂದಣಿ ಹಾಗೂ ನೌಕರರ ವಿವರಗಳನ್ನು ಒಮ್ಮೆ ಪರಿಶೀಲಿಸಿಕೊಳ್ಳುವುದು ಒಳಿತು.

ಹತ್ತಕ್ಕಿಂತ ಕಡಿಮೆ ನೌಕರರಿರುವ ಅಂಗಡಿಗಳು ತಮ್ಮದೇ ವ್ಯವಸ್ಥೆ ಮಾಡಿಕೊಳ್ಳಬೇಕು. ಐದು ಜನರಿರುವ ಅಂಗಡಿಯಲ್ಲಿ ತಲಾ 100 ರೂಪಾಯಿಯಂತೆ ತಿಂಗಳಿಗೆ 500 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 6,000 ರೂಪಾಯಿ ಆಗುತ್ತದೆ. ದಿನಕ್ಕೆ 500 ರೂಪಾಯಿಯಂತೆ ಅದು ಹನ್ನೆರಡು ದಿನಗಳ ಪೂರ್ಣ ಕೂಲಿ. ಯಂತ್ರಕ್ಕೆ ಸವಕಳಿ ಬರೆಯುವ ಉದ್ಯಮವು ಯಂತ್ರ ನಡೆಸುವ ಕೈಗಳಿಗಾಗಿ ಇಷ್ಟನ್ನು ತೆಗೆದಿಡಲಾರದೆ?

ಮಾಲೀಕರಿಗೆ ರಜೆ ಕೊಡುವವರು ಯಾರು?

ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅರಕ್ಷಿತರೆಂದರೆ ಸಣ್ಣ ಅಂಗಡಿಯ ಮಾಲೀಕರೇ. ಅವರಿಗೆ ರಾಜ್ಯ ವಿಮೆ ಇಲ್ಲ, ರಜೆ ಇಲ್ಲ, ಬದಲಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18ರ ಜಿಎಸ್‌ಟಿ ರದ್ದಾದುದು ಸ್ವಾಗತಾರ್ಹ. ಆದರೆ ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗ ಮಾತ್ರ ಹಣ ನೀಡುತ್ತವೆ. ಎರಡು ತಿಂಗಳು ಎಳೆಯುವ ಕೆಮ್ಮು ರೋಗಿಯನ್ನು ಹಾಸಿಗೆಗೆ ಸೇರಿಸದೆಯೇ ತಪಾಸಣೆ, ಎಕ್ಸ್‌ರೇ, ಔಷಧವೆಂದು ಜೇಬನ್ನು ಸೋರಿಸುತ್ತದೆ. ಹೊರರೋಗಿ ವೆಚ್ಚಕ್ಕಾಗಿ ಪ್ರತ್ಯೇಕ ಮೊತ್ತವನ್ನು ವ್ಯಾಪಾರದ ಬಂಡವಾಳದಿಂದ ಬೇರ್ಪಡಿಸಿ ಇಡುವುದು ಅನಿವಾರ್ಯ.

ಹಣಕ್ಕಿಂತ ಮುಖ್ಯವಾದುದು ಎರಡನೆಯ ಕೈ. ಮಾಸಿಕ ಪದ್ಧತಿಯವರು ಜಿಎಸ್‌ಟಿಆರ್-3ಬಿ ವಿವರವನ್ನು 20ನೇ ತಾರೀಖಿನೊಳಗೆ ಸಲ್ಲಿಸಬೇಕು. 2020 ಮತ್ತು 2021ರಲ್ಲಿ ಸಾಂಕ್ರಾಮಿಕದ ಕಾರಣ ಸರ್ಕಾರವು ವಿಳಂಬ ಶುಲ್ಕ, ಬಡ್ಡಿಗಳಲ್ಲಿ ರಿಯಾಯಿತಿ ನೀಡಿತು. ಅದು ದೇಶಕ್ಕೆಲ್ಲ ಬಂದ ಕಾಯಿಲೆ. ಒಬ್ಬ ವರ್ತಕರ ಕೆಮ್ಮಿಗಾಗಿ ಯಾವ ಇಲಾಖೆಯೂ ತಾರೀಖನ್ನು ಮುಂದೂಡುವುದಿಲ್ಲ. ಆದುದರಿಂದ ಬ್ಯಾಂಕಿನ ವ್ಯವಹಾರ, ಬಿಲ್ಲಿಂಗ್, ಸಾಲಗಾರರ ಪಟ್ಟಿ, ತೆರಿಗೆಯ ಗಡುವು ಇವನ್ನು ಬಲ್ಲ ಇನ್ನೊಬ್ಬರು ಮನೆಯಲ್ಲಿ ಅಥವಾ ಅಂಗಡಿಯಲ್ಲಿ ಇರಲೇಬೇಕು. ಮಡದಿಗೋ ಮಗಳಿಗೋ ನಂಬಿಕಸ್ಥ ಗುಮಾಸ್ತರಿಗೋ ಇದನ್ನು ಆರೋಗ್ಯವಿದ್ದಾಗಲೇ ಕಲಿಸಬೇಕು. ತಾನಿಲ್ಲದೆ ಅಂಗಡಿ ನಡೆಯದೆಂಬುದು ಹೆಮ್ಮೆಯ ಮಾತೆಂದು ಅನೇಕರು ಭಾವಿಸುತ್ತಾರೆ. ಲೆಕ್ಕದ ದೃಷ್ಟಿಯಲ್ಲಿ ಅದು ಆ ವ್ಯಾಪಾರದ ಅತಿ ದೊಡ್ಡ ನಷ್ಟಸಂಭವ.

"ತಾಳಿದವನು ಬಾಳಿಯಾನು" ಎಂಬ ಹಿರಿಯರ ಮಾತನ್ನು ನೋವನ್ನು ನುಂಗಿ ದುಡಿಯಬೇಕೆಂಬ ಅರ್ಥದಲ್ಲಿ ಬಳಸುವವರೇ ಹೆಚ್ಚು. ವೈರಾಣುವಿನ ನಂತರದ ಕೆಮ್ಮಿಗೆ ಸಂಬಂಧಿಸಿದಂತೆ ಅದರ ಅರ್ಥ ಬೇರೆ. ಇಲ್ಲಿ ತಾಳ್ಮೆಯೆಂದರೆ ಎರಡು ವಾರವಾದೊಡನೆ ಪರೀಕ್ಷೆಗೆ ಹೋಗುವುದು, ಎಂಟು ವಾರದವರೆಗೆ ಶ್ವಾಸನಾಳಕ್ಕೆ ಅವಕಾಶ ಕೊಡುವುದು ಮತ್ತು ತನಗೆ ಕೊಟ್ಟುಕೊಂಡ ಅವಕಾಶವನ್ನು ತನ್ನಲ್ಲಿ ದುಡಿಯುವವರಿಗೂ ಕೊಡುವುದು. ಈ ತಿಂಗಳು ಪ್ರತಿಯೊಬ್ಬ ಸದಸ್ಯರೂ ತಮ್ಮ ಅಂಗಡಿ ಅಥವಾ ಘಟಕದಲ್ಲಿ ಎರಡು ವಾರಕ್ಕಿಂತ ಹೆಚ್ಚು ಕಾಲದಿಂದ ಕೆಮ್ಮುತ್ತಿರುವವರು ಯಾರೆಂದು ಒಮ್ಮೆ ವಿಚಾರಿಸಿ, ಅವರನ್ನು ಸಂಬಳ ಕಡಿಯದೆ ಅರ್ಧ ದಿನ ಆಸ್ಪತ್ರೆಗೆ ಕಳುಹಿಸಿದರೆ ಅದು ಉತ್ತಮ ಆರಂಭವಾದೀತು. ಆ ಪಟ್ಟಿಯಲ್ಲಿ ಮಾಲೀಕರ ಹೆಸರೇ ಮೊದಲನೆಯದಾಗಿದ್ದರೆ, ಮೊದಲು ಹೊರಡಬೇಕಾದವರೂ ಅವರೇ.